ಮನುವಿನ ಶನಿವಾರಗಳು

ಹೋದ ತಿಂಗಳು ಮದ್ದೂರಿನಿಂದ ಮಳವಳ್ಳಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಮುಂದಿನ ಸೀಟಿನಲ್ಲಿ ಒಬ್ಬ ಅಪ್ಪ, ಪಕ್ಕದಲ್ಲಿ ಹೈಸ್ಕೂಲು ವಯಸ್ಸಿನ ಮಗ ಕೂತಿದ್ದರು. ಬಸ್ಸು ಊರು ದಾಟುತ್ತಿದ್ದಂತೆ ಅಪ್ಪ ತೊಡೆಯ ಮೇಲಿದ್ದ ಪೇಪರಿನ ಪೊಟ್ಟಣ ಬಿಚ್ಚಿದ. ಕರಿದ ಈರುಳ್ಳಿ, ಕರಿಬೇವು, ಬಿಸಿ ಎಣ್ಣೆಯ ವಾಸನೆ ಹಿಂದಿನ ಸೀಟುಗಳವರೆಗೂ ಬಂತು. ಅಪ್ಪ ವಡೆಯನ್ನು ಮುರಿದು ದೊಡ್ಡ ಚೂರನ್ನು ಮಗನಿಗೆ ಕೊಟ್ಟ. ಮಗ ಕಿಟಕಿಯಾಚೆ ನೋಡುತ್ತಲೇ ಅದನ್ನು ಬಾಯಿಗಿಟ್ಟುಕೊಂಡ. ನನಗೆ ಆಗ ಹಸಿವಾಗಬೇಕಿತ್ತು. ಬೆಳಿಗ್ಗೆಯಿಂದ ಲ್ಯಾಬಿನಲ್ಲಿ ಕೆಲಸ ಮಾಡಿ ಸರಿಯಾಗಿ ಊಟವೂ ಆಗಿರಲಿಲ್ಲ. ಆದರೆ ಎದೆಯೊಳಗೆ ಎದ್ದದ್ದು ಹಸಿವಲ್ಲ, ಹೊಟ್ಟೆಕಿಚ್ಚು. ಯಾರೋ ಅಪ್ಪ, ಯಾರೋ ಮಗ, ಅವರ ಹೆಸರೂ ನನಗೆ ಗೊತ್ತಿಲ್ಲ. ಆದರೂ ಆ ಹುಡುಗನ ಕೈಯಿಂದ ವಡೆ ಕಿತ್ತುಕೊಳ್ಳಬೇಕು ಅನ್ನಿಸಿತು.

ಕೊರೊನಾ ಕಳೆದು ಶಾಲೆ ಕಾಲೇಜು ಮತ್ತೆ ಬಾಗಿಲು ತೆರೆದ ವರ್ಷದಿಂದ ನನಗೆ ಈ ಕಿಚ್ಚಿನ ಪರಿಚಯ. ನಾನು ಮಳವಳ್ಳಿಯಲ್ಲಿ ಎರಡನೇ ಪಿಯುಸಿ ಓದುತ್ತಿದ್ದೆ, ವಿಜ್ಞಾನ ತೆಗೆದುಕೊಂಡಿದ್ದೆ. ತಮ್ಮ ಮನು ಒಂಬತ್ತನೇ ಕ್ಲಾಸು. ಕಿರುಗಾವಲಿನ ಹತ್ತಿರದ ಹಳ್ಳಿ ನಮ್ಮದು. ಅಪ್ಪ ಲೈನ್‌ಮನ್. ಮಳೆಗಾಲದಲ್ಲಿ ಯಾವ ಹೊತ್ತಿಗೆ ಮನೆಗೆ ಬರುತ್ತಾನೆ, ಯಾವ ಹೊತ್ತಿಗೆ ಹೊರಡುತ್ತಾನೆ ಅಂತ ಹೇಳುವ ಹಾಗಿರಲಿಲ್ಲ. ಅವ್ವ ಮನೆಯ ಹಿಂದೆ ಶೀಟು ಹೊದಿಸಿದ ಹುಳಿನ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದಳು. ಆನ್‌ಲೈನ್ ಕ್ಲಾಸು ಶುರುವಾದಾಗ ಅಪ್ಪ ಒಂದು ದೊಡ್ಡ ಸ್ಕ್ರೀನಿನ ಫೋನು ತಂದಿದ್ದ. ತಂದದ್ದು ನನಗೆ. "ತಕ್ಕೊಳವ್ವ ಪವಿ, ನಿನ್ ಪಾಠಕ್ಕೆ" ಅಂತ ನನ್ನ ಕೈಗೇ ಕೊಟ್ಟಿದ್ದ. ಒಂದೆರಡು ತಿಂಗಳಲ್ಲಿ ಅದು ಮನುವಿನದಾಯಿತು.

ಮನು ಹುಟ್ಟಿದಾಗಿನಿಂದಲೂ ನಿಂತ ಕಡೆ ನಿಲ್ಲದ ಹುಡುಗ. ಬೇಗ ಕೋಪ, ಬೇಗ ಅಳು, ಅಷ್ಟೇ ಬೇಗ ನಗು. ಊಟಕ್ಕೆ ಕೂತರೆ ಎರಡು ತುತ್ತಿಗೊಮ್ಮೆ ಎದ್ದು ಹೋಗಿ ಬೀದಿ ನೋಡಿ ಬರುತ್ತಿದ್ದ. ಯಾರಾದರೂ 'ಭಲೇ' ಅಂದುಬಿಟ್ಟರೆ ಸಾಕು, ಅದನ್ನೇ ಹತ್ತು ಸಲ ಮಾಡಿ ತೋರಿಸುತ್ತಿದ್ದ. ಊರಿನ ನಾಯಿಗಳಿಗೆಲ್ಲ ಅವನು ಗೊತ್ತು. ಬಸ್ಸಿನ ಕಂಡಕ್ಟರುಗಳಿಗೂ ಗೊತ್ತು. ನಾನು ಹಾಗಲ್ಲ. ಹೇಳಿದ ಕಡೆ ಕೂರುತ್ತಿದ್ದೆ, ಕೊಟ್ಟದ್ದನ್ನು ತಿನ್ನುತ್ತಿದ್ದೆ, ಪುಸ್ತಕ ಬಿಚ್ಚಿದರೆ ಮುಗಿಯುವವರೆಗೆ ಏಳುತ್ತಿರಲಿಲ್ಲ. ಮನೆಗೆ ಬಂದವರು ಅವನನ್ನು ಮಾತಾಡಿಸಿ ನಗುತ್ತಿದ್ದರು. ನನ್ನನ್ನು ನೋಡಿ, ಒಳ್ಳೆ ಹುಡುಗಿ ಅನ್ನುತ್ತಿದ್ದರು. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಒಂದು ಗುಂಡು ಹಾರಿಸುವ ಆಟ ಅವನನ್ನು ಹಿಡಿಯಿತು. ಅದರಲ್ಲಿ ನಾಲ್ಕೈದು ಜನ ಸೇರಿ ತಂಡ ಕಟ್ಟಬೇಕು, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಒಬ್ಬರಿಗೊಬ್ಬರು ಕೂಗಿ ಹೇಳುತ್ತಾ ಆಡಬೇಕು. ಶಾಲೆ ಮತ್ತೆ ತೆರೆದ ಮೇಲೆ ಅವನು ಹೊಟ್ಟೆನೋವು ಅಂತ ವಾರದಲ್ಲಿ ಎರಡು ದಿನ ಮನೆಯಲ್ಲಿ ಉಳಿಯತೊಡಗಿದ. ಸ್ನಾನಕ್ಕೆ ಎಬ್ಬಿಸಿದರೆ ರೇಗುತ್ತಿದ್ದ. ತಟ್ಟೆ ಮುಂದಿಟ್ಟರೆ ಮುದ್ದೆ ಆರಿ ಗಟ್ಟಿಯಾಗುವವರೆಗೂ ಮುಟ್ಟುತ್ತಿರಲಿಲ್ಲ. ಕಾಲೇಜಿನ ಗ್ರೂಪಿಗೆ ಬಂದ ನೋಟ್ಸು ನೋಡಬೇಕು, ಫೋನು ಕೊಡೋ ಅಂತ ನಾನು ಬೇಡಿದರೆ, ಇರಕ್ಕಾ, ಇದೊಂದು ಮುಗೀಲಿ ಅನ್ನುತ್ತಿದ್ದ. ಆ ಒಂದು ಎಂದೂ ಮುಗಿಯುತ್ತಿರಲಿಲ್ಲ.

ಆಷಾಢದ ಗಾಳಿ ಬೀಸುತ್ತಿದ್ದ ದಿನಗಳಲ್ಲಿ ದುದ್ದ ಅನ್ನುವ ಊರಿನಲ್ಲಿ ಅವ್ವನ ಸೋದರಮಾವನ ತಿಥಿ ಬಂತು. ಅಪ್ಪನಿಗೆ ಅಂದು ಡ್ಯೂಟಿ ಇರಲಿಲ್ಲ, ಅವ್ವನ ಜೊತೆ ಹೊರಟ. ನಾನು ಕಾಲೇಜಿಗೆ ಹೋದೆ. ಹೊಟ್ಟೆನೋವಿನ ಮನು ಮನೆಯಲ್ಲಿ ಉಳಿದ. ಹುಳ ಹಣ್ಣಾಗಿ ಗೂಡು ಕಟ್ಟುವುದಕ್ಕೆ ಮೂರ್ನಾಲ್ಕು ದಿನ ಇತ್ತು. ಆ ಹೊತ್ತಿನಲ್ಲಿ ಹುಳ ತಿನ್ನುವಷ್ಟು ಇನ್ಯಾವಾಗಲೂ ತಿನ್ನುವುದಿಲ್ಲ. ಒಂದು ಹೊತ್ತು ಸೊಪ್ಪು ತಪ್ಪಿದರೂ ಬೆಳೆ ಕೆಟ್ಟಿತು ಅಂತಲೇ ಲೆಕ್ಕ. ಮಧ್ಯಾಹ್ನ ಸೊಪ್ಪು ಹಾಕುವುದನ್ನು ಅವ್ವ ಅವನಿಗೆ ಎರಡೆರಡು ಸಲ ಹೇಳಿ ಹೋಗಿದ್ದಳು. ಸಂಜೆ ನಾನು ಬಂದಾಗ ಅಂಗಳದ ಬಿಸಿಲಲ್ಲಿ ಹಿಪ್ಪುನೇರಳೆ ಸೊಪ್ಪಿನ ಕಂತೆ ಬಾಡಿ ಬಿದ್ದಿತ್ತು. ಹುಳಿನ ಮನೆಯಲ್ಲಿ ಸದ್ದೇ ಇರಲಿಲ್ಲ. ಮಳೆ ಬಿದ್ದ ಹಾಗೆ ಚರಚರ ಕೇಳಬೇಕಾದ ಜಾಗ ಅದು. ಹುಳಗಳು ತಲೆ ಎತ್ತಿಕೊಂಡು ಅತ್ತ ಇತ್ತ ಅಲ್ಲಾಡಿಸುತ್ತಾ ಸೊಪ್ಪು ಹುಡುಕುತ್ತಿದ್ದವು. ಮನು ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ನಾನು ಬಂದದ್ದೂ ಅವನಿಗೆ ತಿಳಿಯಲಿಲ್ಲ.

ಅಪ್ಪ ಬಂದವನು ಹುಳಿನ ಮನೆಗೆ ಹೋಗಿ ನೋಡಿ ವಾಪಸು ಬಂದ. ಬೈಯಲಿಲ್ಲ. ಮನುವಿನ ಕೈಯಿಂದ ಫೋನು ಕಿತ್ತುಕೊಂಡು, ಒರಳುಕಲ್ಲಿನ ಮೇಲಿಟ್ಟು, ತನ್ನ ಕೆಲಸದ ಚೀಲದಿಂದ ಸುತ್ತಿಗೆ ತೆಗೆದು ಹೊಡೆದ. ಗಾಜು ಅಡುಗೆಮನೆಯವರೆಗೆ ಸಿಡಿಯಿತು. ನನ್ನ ಪಾಠವೆಲ್ಲ ಅದರಲ್ಲಿತ್ತು ಅನ್ನುವುದು ಯಾರಿಗೂ ನೆನಪಾಗಲಿಲ್ಲ. ನಾನೂ ಬಾಯಿಬಿಟ್ಟು ಹೇಳಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಮನು ಗೋಡೆಗೆ ತಲೆ ಚಚ್ಚಿಕೊಳ್ಳಲು ಶುರುಮಾಡಿದ್ದ. ಅಪ್ಪ ಹಿಂದಿನಿಂದ ತಬ್ಬಿ ಹಿಡಿದರೂ ಬಿಡಲಿಲ್ಲ. ಹಣೆ ಊದಿತು. ಆಮೇಲೆ ಎರಡು ದಿನ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ಅವ್ವ ಕೆಟ್ಟ ಬೆಳೆಯನ್ನೂ ಮರೆತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕಂಬ ಹತ್ತಿ ತಂತಿ ಹಿಡಿಯುವ ಅಪ್ಪ ಮಗನ ಕೋಣೆಯ ಹೊಸ್ತಿಲಲ್ಲಿ ಕೂತಿದ್ದನ್ನು ಆಗ ಮೊದಲ ಸಲ ಕಂಡೆ. ಹೆದರಿದ್ದ.

ಮನುವಿನ ಶಾಲೆಯ ಮೇಷ್ಟ್ರೊಬ್ಬರು ಮಂಡ್ಯದಲ್ಲಿ ಇಂಥ ಮಕ್ಕಳನ್ನು ನೋಡುವ ಒಬ್ಬ ಕೌನ್ಸೆಲಿಂಗ್ ಮೇಡಮ್ ಇದ್ದಾರೆ ಅಂತ ಹೇಳಿದರು. ಪ್ರತಿ ಶನಿವಾರ ಕರೆದುಕೊಂಡು ಬನ್ನಿ ಅಂದರಂತೆ ಮೇಡಮ್. ನನಗೆ ಬುದ್ಧಿ ಬಂದಾಗಿನಿಂದ ಅಪ್ಪ ಯಾರ ಮದುವೆಗೂ ರಜೆ ಹಾಕಿದವನಲ್ಲ. ಆ ವರ್ಷ ಮೇಲಿನವರನ್ನು ಕಂಡು ಬೇಡಿಕೊಂಡು ಶನಿವಾರಗಳನ್ನು ಬಿಡಿಸಿಕೊಂಡ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಗನ ಕೈ ಹಿಡಿದು, ಬೆಳಗಿನ ಬಸ್ಸಿಗೆ ಹೊರಡುತ್ತಿದ್ದ.

ಅವರು ಬರುತ್ತಿದ್ದದ್ದು ಸಂಜೆಗೆ. ಮಂಡ್ಯದಿಂದ ಮಳವಳ್ಳಿಗೆ ನೇರ ಬಸ್ಸಿದೆ, ಮಧ್ಯಾಹ್ನಕ್ಕೇ ಬಂದುಬಿಡಬಹುದು. ಯಾಕೆ ಇಷ್ಟು ತಡ ಅಂತ ಅವ್ವನನ್ನು ಕೇಳಿದೆ. ಮದ್ದೂರು ಸುತ್ತಾಕಂಡು ಬತ್ತಾರಂತೆ ಕಣವ್ವ, ಅವನಿಗೆ ವಡೆ ಇಷ್ಟ ಅಲ್ವಾ ಅಂದಳು. ಸ್ಟೇಷನ್ ಹತ್ತಿರ ಬಿಸಿ ವಡೆ ತಿಂದು, ಇಬ್ಬರೂ ಅಲ್ಲೇ ಸ್ವಲ್ಪ ಹೊತ್ತು ರೈಲು ನೋಡಿಕೊಂಡು ಕೂತು, ಆಮೇಲೆ ಮಳವಳ್ಳಿ ಬಸ್ಸು ಹತ್ತುತ್ತಿದ್ದರಂತೆ. ಮನೆಗೂ ಒಂದು ಪೊಟ್ಟಣ ಬರುತ್ತಿತ್ತು. ಅಷ್ಟು ಹೊತ್ತಿಗೆ ಅದು ತಣ್ಣಗಾಗಿ ಮೆತ್ತಗಾಗಿರುತ್ತಿತ್ತು. ನಾನು ನನ್ನ ಪಾಲಿನದನ್ನು ತಿನ್ನುತ್ತಿದ್ದೆ. ತಿನ್ನುತ್ತಾ, ಬಿಸಿ ಇದ್ದಾಗ ಹೇಗಿರುತ್ತದೆ, ಪಕ್ಕದಲ್ಲಿ ಅಪ್ಪ ಕೂತಿದ್ದಾಗ ಹೇಗಿರುತ್ತದೆ ಅಂತ ಯೋಚಿಸುತ್ತಿದ್ದೆ.

ಮನೆಯ ಕಾನೂನು ಬದಲಾಯಿತು. ಮನುವಿಗೆ ಯಾರೂ ಗಟ್ಟಿ ಮಾತಾಡಬಾರದು. ಟಿವಿ ಹಾಕಬಾರದು. ಸದ್ಯಕ್ಕೆ ಹೊಸ ಫೋನು ಬೇಡ. ನಾನು ನೋಟ್ಸಿಗಾಗಿ ದಿನಾ ಕಿರುಗಾವಲಿನಲ್ಲಿ ಇಳಿದು ಗೆಳತಿ ನಗ್ಮಾಳ ಮನೆಗೆ ಹೋಗಿ, ಅವಳ ಫೋನು ನೋಡಿಕೊಂಡು ಬರೆದುಕೊಂಡು, ಮುಂದಿನ ಬಸ್ಸು ಸಿಗದಿದ್ದರೆ ನಡೆದು ಬರುತ್ತಿದ್ದೆ. ತಡವಾಯಿತು ಅಂತ ಯಾರೂ ಕೇಳುತ್ತಿರಲಿಲ್ಲ. ಪವಿ ಅಲ್ವಾ, ಬತ್ತಾಳೆ ಬುಡು ಅನ್ನುವುದು ಮನೆಯ ನಂಬಿಕೆ.

ಅವನ ಕೈಗೆ ಜೀವ ಇರುವುದೇನಾದರೂ ಕೊಡಿ, ಅವನನ್ನೇ ನಂಬಿಕೊಂಡು ಬದುಕುವಂಥದ್ದು ಅಂತ ಮೇಡಮ್ ಹೇಳಿದ್ದರಂತೆ. ಅಪ್ಪ ಒಂದು ಬಂಡೂರು ಟಗರಿನ ಮರಿ ತಂದ. ಗಿಡ್ಡ ಕಾಲು, ದುಂಡು ಮೈ. ಮನು ಅದಕ್ಕೆ ಗುಂಡ ಅಂತ ಹೆಸರಿಟ್ಟ. ಓದಲು ಒಂದು ಮೇಜು ಬೇಕು ಅಂತ ನಾನು ಎಸೆಸೆಲ್ಸಿಯಿಂದ ಕೇಳುತ್ತಿದ್ದೆ. ನೋಡಾಣ ಅನ್ನುತ್ತಲೇ ಬಂದಿದ್ದರು. ಟಗರು ಮಾತ್ರ ಕೇಳದೆಯೇ ಬಂತು, ನಾನು ಓದುವ ಕಿಟಕಿಯ ಕೆಳಗೇ ಅದರ ಗೂಟ ಬಿತ್ತು. ನಾನು ಭೌತಶಾಸ್ತ್ರದ ಲೆಕ್ಕ ಮಾಡುವಾಗ ಅದು ಅರಚುತ್ತಿತ್ತು. ಅಪ್ಪ ಕೆಲಸದಿಂದ ಬಂದವನು ಮೊದಲು ಅದರ ಕತ್ತು ತುರಿಸಿ, ಮನುವಿನ ಜೊತೆ ಅದರ ಮೇವಿನ ಮಾತಾಡಿ, ಆಮೇಲೆ ಒಳಗೆ ಬರುತ್ತಿದ್ದ. ಒಂದು ಟಗರಿನ ಮೇಲೆ ಹೊಟ್ಟೆಕಿಚ್ಚು ಪಡುವವರು ಇರುತ್ತಾರೆಯೇ ಅಂತ ಕೇಳಬಹುದು. ನಾನಿದ್ದೆ.

ಭಾನುವಾರಗಳಂದು ಅಪ್ಪ ಅವನನ್ನು ಲೈನಿನ ಕೆಲಸಕ್ಕೂ ಕರೆದೊಯ್ಯತೊಡಗಿದ. ಕಂಬದ ಕೆಳಗೆ ನಿಂತು ಹಗ್ಗ ಹಿಡಿದುಕೊಳ್ಳುವುದು, ಗಂಟು ಹಾಕುವುದು, ಯಾವ ಗಂಟು ಜಾರುತ್ತದೆ ಯಾವುದು ಜಾರುವುದಿಲ್ಲ ಎಂದು ತಿಳಿಯುವುದು. ಚಿಕ್ಕವಳಿದ್ದಾಗ ನಾನೂ ಬರುತ್ತೇನೆ ಅಂತ ಅಪ್ಪನ ಸೈಕಲ್ಲಿನ ಹಿಂದೆ ಓಡಿದ್ದೆ. ಹೆಣ್ಣೈಕಳಿಗ್ಯಾಕೆ ಕಂಬದ ಸಾವಾಸ ಅಂತ ವಾಪಸು ಕಳಿಸಿದ್ದ. ಮನು ಮನೆಗೆ ಬಂದು ಬಾಗಿಲ ಚಿಲಕಕ್ಕೆ ಹಗ್ಗ ಸುತ್ತಿ ಆ ಗಂಟು ಹಾಕಿ ತೋರಿಸುತ್ತಿದ್ದ. ಅಪ್ಪ 'ಸೈ' ಅನ್ನುತ್ತಿದ್ದ.

ಮಾಗಿಯ ಚಳಿ ಶುರುವಾಗಿ, ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬಿಕೊಂಡಿದ್ದ ದಿನಗಳಲ್ಲಿ ಮೇಡಮ್ ಅಕ್ಕನನ್ನೂ ಒಮ್ಮೆ ಕರೆತನ್ನಿ ಅಂದರು. ಕೊನೆಗೂ ನನ್ನ ಶನಿವಾರ ಬಂತು. ಹಿಂದಿನ ದಿನವೇ ಚೂಡಿದಾರ ಇಸ್ತ್ರಿ ಮಾಡಿಟ್ಟೆ.

ಮೇಡಮ್ಮಿನ ಕೋಣೆ ಮಂಡ್ಯದ ಒಂದು ಕಿರುದಾರಿಯಲ್ಲಿ, ಮೊದಲನೇ ಮಹಡಿಯಲ್ಲಿತ್ತು. ನಾಲ್ಕು ಬೆತ್ತದ ಕುರ್ಚಿ, ಕಿಟಕಿಯಲ್ಲಿ ಮನಿಪ್ಲಾಂಟು. ಮೇಡಮ್ ನಮ್ಮವ್ವನ ವಯಸ್ಸಿನವರು, ನಿಧಾನಕ್ಕೆ ಮಾತಾಡುತ್ತಿದ್ದರು. ಒಂದೇ ಫೋನನ್ನು ಒಂದೇ ಮನೆಯ ಇಬ್ಬರು ಮಕ್ಕಳಿಗೆ ಕೊಟ್ಟರೂ ಅದು ಇಬ್ಬರನ್ನೂ ಒಂದೇ ಥರ ಹಿಡಿಯುವುದಿಲ್ಲ ಅಂತ ಅಪ್ಪನಿಗೆ ವಿವರಿಸಿದರು. ಬೇಗ ಬೇಸರ ಆಗುವವರು, ಕಾಯಲಾರದವರು, ಬೆನ್ನು ತಟ್ಟಿದರೆ ಅರಳುವವರು, ಇವರನ್ನು ಅದು ಬೇಗ ಎಳೆದುಕೊಳ್ಳುತ್ತದೆ, ಹಾಗಂತ ಆ ಸ್ವಭಾವ ತಪ್ಪಲ್ಲ, ಅದೇ ಸ್ವಭಾವದಿಂದ ಬೇರೆ ಕಡೆ ದೊಡ್ಡ ಕೆಲಸ ಮಾಡುವವರೂ ಇದ್ದಾರೆ ಅಂದರು. ಸುಮ್ಮನೆ ಒಳಗೇ ಇಟ್ಟುಕೊಳ್ಳುವವರಿಗೆ ಈ ಗೀಳು ಬೇರೆ ದಾರಿಯಲ್ಲಿ ಅಂಟಬಹುದು, ಅದು ಕಾಣುವುದೂ ಇಲ್ಲ ಅಂದಾಗ ನನ್ನ ಕಡೆ ನೋಡಿದರು.

ಈ ವಾರ ಮನು ಹೇಗಿದ್ದ ಅಂತ ಕೇಳಿದರು. ಅಪ್ಪ ಶುರುಮಾಡಿದ. ಮನೆಯಲ್ಲಿ ಮೂರು ಮಾತಿಗೆ ನಾಲ್ಕನೆಯದನ್ನು ಸೇರಿಸದ ಅಪ್ಪ ಅಂದು ಉದ್ದಕ್ಕೂ ಮಾತಾಡಿದ. ಮನು ಯಾವಾಗ ಎದ್ದ, ಯಾವ ದಿನ ಸಿಡುಕಿದ, ಸಿಡುಕುವ ಮುಂಚೆ ಅವನ ಬಲಗಾಲು ಹೇಗೆ ಕುಣಿಯಲು ಶುರುವಾಗುತ್ತದೆ, ಟಗರಿನ ಹತ್ತಿರ ಹೋದರೆ ಹೇಗೆ ನಿಲ್ಲುತ್ತದೆ, ನಿದ್ದೆಯಲ್ಲಿ ಯಾರ ಹೆಸರು ಕರೆದ. ನಾನು ಅಪ್ಪನ ಬಾಯನ್ನೇ ನೋಡುತ್ತಾ ಕೂತಿದ್ದೆ. ಒಬ್ಬರನ್ನು ಇಷ್ಟು ನೋಡಲು ಅಪ್ಪನಿಗೆ ಬರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಆಮೇಲೆ ಮೇಡಮ್ ನನ್ನ ಕಡೆ ಕೈ ತೋರಿಸಿ, ಮಗಳು ಹೇಗೆ, ಅವಳ ಸ್ವಭಾವ ಎಂಥದು ಅಂತ ಕೇಳಿದರು.

ಅಪ್ಪ ನನ್ನ ಕಡೆ ತಿರುಗಿದ. "ಅವಳ್ದೇನಿಲ್ಲ ಬುಡಿ ಮೇಡಮ್. ಅವಳಿಂದ ನಮ್ಗೆ ಏನೂ ತೊಂದ್ರೆ ಇಲ್ಲ."

"ತೊಂದರೆ ಕೇಳಲಿಲ್ಲ ನಾನು. ಅವಳು ಎಂಥ ಹುಡುಗಿ ಅಂತ ಕೇಳಿದೆ. ಕೋಪ ಬಂದರೆ ಏನು ಮಾಡುತ್ತಾಳೆ, ಏನು ಕಂಡರೆ ಆಸೆ."

ಅಪ್ಪ ಅಂಗಿಯ ಗುಂಡಿ ಮುಟ್ಟಿಕೊಂಡ. ಚೆನ್ನಾಗಿ ಓದ್ತದೆ, ಒಳ್ಳೆ ಮಗು ಅಂದ. ಮತ್ತೇನಾದರೂ ಸಿಗುತ್ತದೆಯೋ ಅಂತ ಹುಡುಕುತ್ತಿದ್ದ. ಸಿಗಲಿಲ್ಲ. ಕೆಳಗೆ ರಸ್ತೆಯಲ್ಲಿ ಆಟೋಗಳ ಸದ್ದು. ನನಗೆ ಆ ಕೋಣೆಯಿಂದ ಎದ್ದು ಹೋಗಬೇಕೆನ್ನಿಸಿತು.

ಆಗ ಮನು ಬಾಯಿಬಿಟ್ಟ. ತಲೆ ಎತ್ತಲಿಲ್ಲ, ಕುರ್ಚಿಯ ಬೆತ್ತ ಕೀಳುತ್ತಾ ಹೇಳಿದ.

"ಅಕ್ಕಂಗೆ ಕೋಪ ಬಂದ್ರೆ ಮಾತಾಡಲ್ಲ. ತೊಳೆದಿರೋ ಪಾತ್ರೆನೇ ತಕ್ಕಂಡೋಗಿ ಮತ್ತೆ ತೊಳೀತಾಳೆ. ಅಳು ಬಂದ್ರೆ ಹುಳಿನ ಮನೆಗೆ ಓಯ್ತಾಳೆ. ಸೊಪ್ಪು ತಿನ್ನೋ ಸದ್ದಲ್ಲಿ ಯಾರ್ಗೂ ಕೇಳಲ್ಲ ಅಂತ. ಬಸ್ಸಲ್ಲಿ ಅವ್ಳಿಗೆ ಕಿಟ್ಕಿ ಸೀಟು ಬೇಕು, ಆದ್ರೆ ಕೇಳಲ್ಲ. ಮೇಜು ಕೇಳಿದ್ಲು, ಅಪ್ಪ ತರ್ಲಿಲ್ಲ. ನನ್ ಟಗರು ಕಂಡ್ರೆ ಆಗಲ್ಲ ಅವ್ಳಿಗೆ. ಆದ್ರೂ ನಾನಿಲ್ದಾಗ ನೀರಿಡ್ತಾಳೆ."

ಅವನಿಗೆ ಇವೆಲ್ಲ ಯಾವಾಗ ಕಂಡವು? ಫೋನಿನಿಂದ ತಲೆ ಎತ್ತದ ಹುಡುಗ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಮೇಡಮ್ ಅವನ ಭುಜ ಮುಟ್ಟಿ, ಎಷ್ಟು ಚೆನ್ನಾಗಿ ಗಮನಿಸಿದ್ದೀಯ ಅಂದರು. ಅಪ್ಪನ ಕಣ್ಣು ಮಗನ ಮೇಲೆ ಹೆಮ್ಮೆಯಿಂದ ನಿಂತಿತು. ನಾನು ಆಗ ಕರಗಿಹೋದೆ ಅಂತ ಬರೆದರೆ ಚೆನ್ನಾಗಿರುತ್ತದೆ. ಆದರೆ ನನಗೆ ಕಿಚ್ಚೇ ಹೆಚ್ಚಾಯಿತು. ನನ್ನ ಬಗ್ಗೆ ಕೇಳಿದ ಒಂದೇ ಪ್ರಶ್ನೆ, ಅದರ ಉತ್ತರಕ್ಕೂ ಭೇಷ್ ಸಿಕ್ಕಿದ್ದು ಅವನಿಗೇ.

ವಾಪಸು ಮದ್ದೂರಿಗೆ ಬಂದೆವು. ಅಪ್ಪ ಬಿಸಿ ವಡೆ ತಂದು ಕೊಟ್ಟ. ಹಸಿವಿಲ್ಲ ಅಂದೆ. ಮಳವಳ್ಳಿ ಬಸ್ಸಿನಲ್ಲಿ ಮನು ಕಿಟಕಿಯ ಸೀಟು ಬಿಟ್ಟು ಹಿಂದಿನ ಸಾಲಿಗೆ ಹೋಗಿ ಕೂತ. ಕೂರವ್ವ ಅಂತ ಅಪ್ಪ ಕಿಟಕಿಯ ಕಡೆ ತೋರಿಸಿದ. ನಾನು ಅಪ್ಪನನ್ನೇ ಒಳಗೆ ಕಳಿಸಿ ಈಚೆ ಬದಿ ಕೂತೆ. ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ನಿಂತು ಬಸ್ಸು ನಿಂತಾಗ, ಆ ಮಾತು ನನ್ನ ಬಾಯಿಂದ ಬಂತು.

"ಅಪ್ಪ, ನಾನೂ ಫೋನ್ ಇಡ್ಕಂಡು ಕೂತ್ಬುಟ್ಟಿದ್ರೆ ನನ್ನೂ ಇಂಗೇ ಕರ್ಕಂಡ್ ಬತ್ತಿದ್ಯಾ?"

ಅಪ್ಪ ನನ್ನ ಕಡೆ ನೋಡಲಿಲ್ಲ. ಕಿಟಕಿಯ ಸರಳು ಹಿಡಿದಿದ್ದ ಅವನ ಕೈ ಮಾತ್ರ ಕಂಡಿತು, ತಂತಿ ಎಳೆದೆಳೆದು ಒಡೆದುಹೋದ ಕೈ. ಟ್ರ್ಯಾಕ್ಟರು ಸರಿಯಿತು, ಬಸ್ಸು ಹೊರಟಿತು. ಮಳವಳ್ಳಿ ಬರುವವರೆಗೂ ಅವನು ಕಿಟಕಿಯಾಚೆಯೇ ನೋಡುತ್ತಿದ್ದ. ನನ್ನ ಮಾತು ಗಾಳಿಗೆ ಹೋಯಿತು ಅಂದುಕೊಂಡೆ. ಮೇಜೊಂದು ಆ ವಾರವೇ ಮನೆಗೆ ಬಂತು. ಅದು ಮನು ಹೇಳಿದ್ದರಿಂದ ಬಂದದ್ದು ಅಂತ ಅದರ ಮೇಲೆ ಪುಸ್ತಕ ಇಡಲೂ ಹತ್ತು ದಿನ ಹಿಡಿಯಿತು.

ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂತು. ಬಿಸಿಲು ಏರತೊಡಗಿತ್ತು. ಒಂದು ಸಂಜೆ ಗುಂಡ ಬಿಡದೆ ಅರಚುತ್ತಿದ್ದ. ಹೋಗಿ ನೋಡಿದರೆ ಮೇವಿಲ್ಲ, ನೀರಿಲ್ಲ. ಮನು ಶಾಲೆಯಿಂದ ಬಂದು ಚೀಲ ಎಸೆದು ಹೋದವನು ಎಲ್ಲೂ ಇಲ್ಲ. ಅವ್ವನ ಮುಖ ಬಿಳಿಚಿಕೊಂಡಿತು. ಅಪ್ಪ ಕೆಲಸದ ಮೇಲಿದ್ದ. ಹೋಗಿ ನೋಡವ್ವ ಅಂತ ಅವ್ವ ನನ್ನನ್ನು ಕಳಿಸಿದಳು. ಹೊಲದ ದಾರಿಯಲ್ಲಿ ನಡೆಯುತ್ತಾ ನನ್ನೊಳಗೆ ಏನಿತ್ತು ಅಂತ ನನಗೆ ಚೆನ್ನಾಗಿ ನೆನಪಿದೆ. ಖುಷಿ ಇತ್ತು. ಇಷ್ಟು ಶನಿವಾರ, ಇಷ್ಟು ವಡೆ, ಇಷ್ಟು ಮುದ್ದು, ಎಲ್ಲ ಮಾಡಿಯೂ ಇವನು ಇಷ್ಟೇ ಅಂತ ಈಗ ಎಲ್ಲರಿಗೂ ಗೊತ್ತಾಗುತ್ತದೆ ಅನ್ನುವ ಖುಷಿ.

ಕಾಲುವೆ ಏರಿಯ ಪಂಪ್‌ಮನೆಯಲ್ಲಿ ಸಿಕ್ಕಿದ. ದೊಡ್ಡ ಹುಡುಗನೊಬ್ಬನ ಫೋನು ಅವನ ಕೈಯಲ್ಲಿತ್ತು. ಆ ಹುಡುಗ ಪಕ್ಕದಲ್ಲೇ ಮಲಗಿ ನಿದ್ದೆ ಹೋಗಿದ್ದ. ಇಯರ್‌ಫೋನು ಇರಲಿಲ್ಲವಾದ್ದರಿಂದ ಫೋನಿನೊಳಗಿನ ದನಿಗಳು ಹೊರಗೇ ಕೇಳುತ್ತಿದ್ದವು. ಯಾರ್ಯಾರೋ ಹುಡುಗರು, ಒಬ್ಬ ಹುಬ್ಬಳ್ಳಿ ಕಡೆಯವನಂತೆ, ಒಬ್ಬ ಹಿಂದಿಯವನು. ಎಲ್ಲರೂ ಮನುವನ್ನು ಅವನ ಆಟದ ಹೆಸರಿನಿಂದ ಕರೆಯುತ್ತಿದ್ದರು. ಇಷ್ಟು ತಿಂಗಳು ಎಲ್ಲಿ ಹೋಗಿದ್ದಿ, ನೀನಿಲ್ಲದೆ ಸೋತೇ ಸೋತೆವು, ಈ ಕಡೆ ಬಾ, ನಿನ್ನ ಹಿಂದೆ ಬರ್ತೀವಿ. ಮನುವಿನ ಬೆರಳುಗಳು ಓಡುತ್ತಿದ್ದವು. ಅವನ ಬಲಗಾಲು ಕುಣಿಯುತ್ತಿರಲಿಲ್ಲ. ಅಷ್ಟು ನೆಮ್ಮದಿಯ ಮುಖವನ್ನು ನಾನು ಮನೆಯಲ್ಲಿ ಎಂದೂ ಕಂಡಿರಲಿಲ್ಲ. ನಾನು ಬಾಗಿಲಲ್ಲಿ ನಿಂತೇ ಇದ್ದೆ. ನನಗಾಗಿ ಹಾಗೆ ಯಾರಾದರೂ, ಎಲ್ಲಾದರೂ ಕಾದಿದ್ದಾರೆಯೇ ಅಂತ ಯೋಚಿಸಿದೆ. ಆಗಲೂ ಅವನ ಮೇಲೆ ಕಿಚ್ಚೇ.

ನನ್ನನ್ನು ಕಂಡ ಕೂಡಲೇ ಫೋನು ಕೆಳಗಿಟ್ಟ. ಅಪ್ಪಂಗೆ ಹೇಳ್ತೀಯಾ ಅಂತ ಕೇಳಿದ. ಹೇಳ್ತೀನಿ ಅಂದೆ.

"ಹೇಳು. ನೀನೇ ಹೇಳು. ನಾನ್ ಹೇಳಿದ್ರೆ ಅಪ್ಪ ಅಳ್ತನೆ."

ಅಪ್ಪ ಅಳುತ್ತಾನೆ ಅನ್ನುವುದೇ ನನಗೆ ಹೊಸದು. ಮದ್ದೂರು ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಅಪ್ಪ ಎರಡು ಸಲ ಅತ್ತಿದ್ದನಂತೆ. ನಾನು ವಡೆ ಮತ್ತು ರೈಲು ಅಂದುಕೊಂಡಿದ್ದ ಶನಿವಾರಗಳಲ್ಲಿ ಅದೂ ಇತ್ತು. ಒಂದು ಸಲ ರೈಲು ಬರುವ ಸದ್ದಿಗೆ ಎದ್ದು ನಿಂತ ಮನುವಿನ ಕೈಯನ್ನು ಅಪ್ಪ ಬಿಡಲೇ ಇಲ್ಲವಂತೆ, ರೈಲು ಹೋದ ಮೇಲೂ ಬಿಡಲಿಲ್ಲವಂತೆ. ನಂಗೆ ವಡೆ ತಿಂದೂ ತಿಂದೂ ಸಾಕಾಗೋಯ್ತು ಅಕ್ಕ ಅಂದ ಮನು.

ಅಪ್ಪ ಬಂದು ಕೈಕಾಲು ತೊಳೆಯುವವರೆಗೆ ಸುಮ್ಮನಿದ್ದು, ಜಗಲಿಯಲ್ಲಿ ಹೇಳಿದೆ. ಅವನು ಎದ್ದು ಕೂಗಾಡಲಿಲ್ಲ. ಟವಲನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಆಮೇಲೆ, ಇನ್ನೇನ್ ಮಾಡಾದು ನೀನೇ ಹೇಳವ್ವ ಅಂದ. ಅಪ್ಪ ನನ್ನನ್ನು ಯಾವುದಕ್ಕೂ ಹಾಗೆ ಕೇಳಿದವನಲ್ಲ. ನನ್ಯಾಕೆ ಕೇಳ್ತೀಯ ಅಂತ ಬಾಯಿಗೆ ಬಂದಿತ್ತು. ಪಂಪ್‌ಮನೆಯಲ್ಲಿ ಕಂಡ ಆ ಮುಖ ಕಣ್ಣೆದುರಿಗಿಲ್ಲದಿದ್ದರೆ ಅಂದೇಬಿಡುತ್ತಿದ್ದೆ.

"ಅಲ್ಲಿ ಅವ್ನಿಗೋಸ್ಕರ ಕಾಯ್ತಾರಪ್ಪ. ಇಲ್ಲಿ ನಾವು ಅವನ್ನ ಕಾಯ್ತೀವಿ. ದನ ಕಾಯ್ದಂಗೆ."

ಅಪ್ಪನ ಕೈಯಲ್ಲಿ ಟವಲು ಅರ್ಧ ಮಡಿಸಿದಂತೆಯೇ ನಿಂತಿತು. ಒಳಗೆ ಅಡುಗೆಮನೆಯಲ್ಲಿ ಅವ್ವನ ಕೈ ಕೂಡ ನಿಂತಿತ್ತು.

ಮುಂದಿನ ಬೆಳೆಗೆ ಅವ್ವ ಹುಳಿನ ಮನೆಯ ಬೀಗದಕೈಯನ್ನು ಮನುವಿನ ಕೈಗೆ ಕೊಟ್ಟಳು. ಯಾರೂ ಹಿಂದೆ ನಿಂತು ನೋಡಲಿಲ್ಲ. ಮೊದಲ ದಿನಗಳಲ್ಲಿ ಅವನು ಸೊಪ್ಪು ಕಡಿಯುವಾಗ ಸಿಡುಕುತ್ತಿದ್ದ, ಒಂದು ದಿನ ಬಿಟ್ಟೇ ಓಡಿದ, ಅವನೇ ವಾಪಸು ಬಂದ. ಪಂಪ್‌ಮನೆಯ ವಿಷಯವನ್ನು ಮೇಡಮ್ಮಿಗೆ ತಾನೇ ಹೇಳಿದನಂತೆ. ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕಲು ಹುಳಕ್ಕೆ ಒಬ್ಬರು ಬೇಕೇ ಬೇಕು, ಒಂದು ಹೊತ್ತೂ ಅವು ತಡೆಯುವುದಿಲ್ಲ. ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಕಳಚಿ, ಹುಳ ಹಣ್ಣಾದಾಗ ಅವನೇ ಬೀದಿಯವರನ್ನೆಲ್ಲ ಕೂಗಿ ಕರೆದು ಗೂಡು ಕಟ್ಟುವ ಬಿದಿರ ಚಂದ್ರಿಕೆಗೆ ಬಿಡಿಸಿದ. ಗೂಡು ಚೆನ್ನಾಗಿ ಬಂತು. ಅವ್ವ ಕಂಡಕಂಡವರಿಗೆಲ್ಲ ಹೇಳಿಕೊಂಡು ಓಡಾಡಿದಳು. ನಾನು ಮೂರನೇ ಕ್ಲಾಸಿನಿಂದ ಆ ಹುಳಕ್ಕೆ ಸೊಪ್ಪು ಹಾಕಿದವಳು, ಒಂದು ದಿನವೂ ಅವಳ ಬಾಯಲ್ಲಿ ನನ್ನ ಹೆಸರು ಬಂದದ್ದಿಲ್ಲ. ಆ ದಿನ ತೊಳೆದ ಪಾತ್ರೆಗಳನ್ನು ಮತ್ತೆ ತೊಳೆಯಲು ಹಿತ್ತಿಲಿಗೆ ಹೋದೆ. ಮನು ಬಂದು ಪಕ್ಕದಲ್ಲಿ ಕೂತು ನೀರು ಹಾಕಿದ.

ಪರೀಕ್ಷೆ ಮುಗಿಯಿತು. ನನಗೆ ಪ್ರಥಮ ದರ್ಜೆ ಬಂತು, ಮಂಡ್ಯದಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೀಟು ಸಿಕ್ಕಿತು. ಮನುವಿಗೆ ಆಟ ಒಂದೇ ಏಟಿಗೆ ಬಿಟ್ಟುಹೋಗಲಿಲ್ಲ. ಎಸೆಸೆಲ್ಸಿ ವರ್ಷದಲ್ಲೂ ಒಂದೆರಡು ಸಲ ಜಾರಿದ, ಆದರೆ ತಲೆ ಚಚ್ಚಿಕೊಳ್ಳಲಿಲ್ಲ, ಮುಚ್ಚಿಡಲಿಲ್ಲ. ಹೇಗೋ ಪಾಸಾಗಿ ಐಟಿಐ ಸೇರಿ ಎಲೆಕ್ಟ್ರಿಷಿಯನ್ ಕಲಿತ. ಈಗ ಅವನ ಹತ್ತಿರವೂ ಫೋನಿದೆ, ಟಗರುಗಳ ವಿಡಿಯೊ ಹಾಕುತ್ತಾನೆ. ನೋಡುವವರೂ ಇದ್ದಾರಂತೆ.

ನನ್ನನ್ನು ಹಾಸ್ಟೆಲಿಗೆ ಬಿಡಲು ಅಪ್ಪ ಬಂದ. ಟ್ರಂಕು ಹೊತ್ತು ಮೆಟ್ಟಿಲು ಹತ್ತಿದ, ಮಂಚದ ಕಾಲು ಅಲ್ಲಾಡುತ್ತದೆಯೋ ನೋಡಿದ, ಸ್ವಿಚ್ ಬೋರ್ಡು ಮುಟ್ಟಿ ನೋಡಿ, ಸರಿಯಾಗಿ ಕೂರಿಸಿಲ್ಲ ಕಣವ್ವ, ಒದ್ದೆ ಕೈಲಿ ಮುಟ್ಬೇಡ ಅಂದ. ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತು ಹೊರಟುಹೋದ. ಆ ಸಂಜೆ ನನ್ನ ಹೊಸ ಫೋನು ಬಡಿದುಕೊಂಡಿತು. ಅಪ್ಪನ ನಂಬರು. ಅಪ್ಪ ಯಾರಿಗೂ ಸುಮ್ಮನೆ ಫೋನು ಮಾಡಿದವನಲ್ಲ. ನೆಂಟರು ಯಾರಾದರೂ ಫೋನು ಮಾಡಿದರೂ ಅವ್ವನ ಕೈಗೆ ದಾಟಿಸಿಬಿಡುತ್ತಿದ್ದ. ಯಾರಿಗೇನಾಯಿತೋ ಅಂತ ಹೆದರಿ ಎತ್ತಿದೆ. ಆ ಕಡೆ ಉಸಿರು ಮಾತ್ರ ಕೇಳಿಸಿತು. ಆಮೇಲೆ, "ಏನಿಲ್ಲ, ಸುಮ್ಕೆ ಮಾಡ್ದೆ ಕಣವ್ವ" ಅಂದ. ಊಟಕ್ಕೆ ಏನಿತ್ತು ಅಂತ ಕೇಳಿದ. ಹೇಳಿದೆ. ರುಚಿ ಇತ್ತಾ ಅಂದ. ಪಕ್ಕದ ಮಂಚದ ಹುಡುಗಿ ಯಾವೂರು ಅಂದ. ಅಪ್ಪನಿಗೆ ಮುಂದೆ ಕೇಳಲು ಗೊತ್ತಾಗುತ್ತಿರಲಿಲ್ಲ, ಇಡಲೂ ಮನಸ್ಸಿರಲಿಲ್ಲ.

ಮಾರನೇ ದಿನವೂ ಮಾಡಿದ. ಅದರ ಮಾರನೇ ದಿನವೂ. ಕೋರ್ಸು ಮುಗಿದು, ಕೆಲಸ ಸಿಕ್ಕು, ನಾನು ಮದ್ದೂರಿನಲ್ಲಿ ರೂಮು ಮಾಡಿಕೊಂಡ ಮೇಲೂ ನಿಲ್ಲಲಿಲ್ಲ. ಈಗ ಅವನಿಗೆ ಕೇಳಲು ಬರುತ್ತದೆ. ಇವತ್ತು ಯಾರ ರಕ್ತ ತೆಗೆದೆ, ಅತ್ತವರು ಯಾರು, ನಿನ್ನ ಮೇಲಿನವರು ಬೈದರಾ, ಬೈದರೆ ನೀನು ಏನಂದೆ. ನಾನು ಏನೂ ಅನ್ನಲಿಲ್ಲ ಅಂದರೆ, ಅನ್ಬೇಕಿತ್ತು ಅನ್ನುತ್ತಾನೆ.

ಮೊನ್ನೆ ಸಂಜೆ ಹೀಗೇ ಮಾತಾಡುತ್ತಿದ್ದೆವು. ಹಿಂದಿನಿಂದ ಮನುವಿನ ದನಿ ಕೇಳಿಸಿತು, ರೇಗಿದ ದನಿ. ಮುದ್ದೆ ಆರೋಯ್ತದೆ, ಅದೇನ್ ದಿನಾ ಅಷ್ಟೊತ್ತು ಮಾತಾಡಾದು, ನನ್ ಜೊತೆ ಒಂದಿನಾನಾರೂ ಇಷ್ಟು ಮಾತಾಡಿದ್ದೀಯಾ ಅನ್ನುತ್ತಿದ್ದ. "ತಡಿಯೋ," ಅಂದ ಅಪ್ಪ, "ನಿಮ್ಮಕ್ಕ ಏನೋ ಹೇಳ್ತಾವಳೆ."

ನಾನು ಹೇಳಬೇಕಾದದ್ದೆಲ್ಲ ಮುಗಿದಿತ್ತು, ಫೋನು ಇಡುವವಳಿದ್ದೆ. ಇಡಲಿಲ್ಲ. ಮಂಚದ ಮೇಲೆ ಕಾಲು ಚಾಚಿ ಕೂತು, "ಇನ್ನೇನಪ್ಪ ಸಮಾಚಾರ" ಅಂದೆ.